ಹಕ್ಕುಪತ್ರ ಬಂತು, ಅಧಿಕಾರ ಬರಲಿಲ್ಲ

ಬ್ರಿಟಿಷರ ದಂಡಸಂಹಿತೆಗೆ 2024ರಲ್ಲಿ ವಿದಾಯ ಹೇಳಿದೆವು. ಅವರೇ ಬರೆದ ಅರಣ್ಯ ಕಾಯ್ದೆಗೆ 2027ರಲ್ಲಿ ನೂರು ತುಂಬುತ್ತದೆ. ಆದಿವಾಸಿಗೆ ತುಂಡು ನೆಲದ ಪಟ್ಟಾ ಕೊಡಲು ನಾವು ಒಪ್ಪಿದ್ದೇವೆ. ಕಾಡನ್ನು ನೋಡಿಕೊಳ್ಳುವ ಮಾತು ಅವನದೂ ಹೌದು ಎನ್ನಲು ಇನ್ನೂ ಬಾಯಿ ಬಂದಿಲ್ಲ.

2013ರ ಜುಲೈ 18. ಒಡಿಶಾದ ರಾಯಗಡ ಜಿಲ್ಲೆಯ ನಿಯಮಗಿರಿ ಬೆಟ್ಟಗಳ ನಡುವಿನ ಸೆರ್ಕಪಾಡಿ. ಮಳೆಗಾಲ. ಡೋಂಗ್ರಿಯ ಕೊಂಧ ಹೆಂಗಸರು, ಗಂಡಸರು ಸಭೆ ಸೇರಿದ್ದಾರೆ. ಸುತ್ತ ಬಂದೂಕು ಹಿಡಿದ ಪೊಲೀಸರು. ವೀಕ್ಷಕರಾಗಿ ಬಂದು ಕೂತವರು ಜಿಲ್ಲಾ ನ್ಯಾಯಾಧೀಶರು. ಅಂದು ಕೋರ್ಟೇ ಊರಿಗೆ ಬಂದಿತ್ತು. ಸುಪ್ರೀಂ ಕೋರ್ಟು ಆ ಊರವರ ಮುಂದಿಟ್ಟ ಪ್ರಶ್ನೆ ಇಷ್ಟು: ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ತೆಗೆದರೆ ನಿಮ್ಮ ದೇವರ ಪೂಜೆಗೆ, ನಿಮ್ಮ ಹಕ್ಕಿಗೆ ಧಕ್ಕೆಯಾಗುತ್ತದೆಯೇ? ಒಬ್ಬೊಬ್ಬರಾಗಿ ಎದ್ದು ನಿಂತರು. ಬೆಟ್ಟ ನಿಯಮರಾಜನದು, ಬಿಡುವುದಿಲ್ಲ ಎಂದರು. ಆಗಸ್ಟ್ 19ರಂದು ಜರಪಾ ಎಂಬಲ್ಲಿ ಕೊನೆಯ ಸಭೆ ಮುಗಿಯುವ ಹೊತ್ತಿಗೆ ಹನ್ನೆರಡು ಗ್ರಾಮಸಭೆಗಳೂ ಒಕ್ಕೊರಲಿನಿಂದ ‘ಬೇಡ’ ಎಂದಿದ್ದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು. ರಾಜ್ಯದ ಗಣಿ ನಿಗಮ ಮತ್ತೊಮ್ಮೆ ಗ್ರಾಮಸಭೆ ನಡೆಸೋಣವೆಂದು 2016ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ ಕೋರ್ಟು ಒಪ್ಪಲಿಲ್ಲ.

ಒಂದು ಬುಡಕಟ್ಟು ದೊಡ್ಡ ಕಂಪನಿಯೊಂದನ್ನು ತಡೆದು ನಿಲ್ಲಿಸಿತು ಎಂದು ಆ ದಿನಗಳಲ್ಲಿ ಪತ್ರಿಕೆಗಳು ಬರೆದವು. ಬರೆದದ್ದು ಸರಿಯೇ. ಆದರೆ ಅಡವಿಯ ಜನ ‘ಬೇಡ’ ಎಂದದ್ದು ಅದೇ ಮೊದಲಲ್ಲ; ಬಸ್ತರಿನಲ್ಲಿ 1910ರಲ್ಲಿ, ರಂಪ ಸೀಮೆಯಲ್ಲಿ ಅದಕ್ಕೂ ಮೊದಲು ಮತ್ತು ಅಲ್ಲೂರಿ ಸೀತಾರಾಮ ರಾಜುವಿನ ಕಾಲದಲ್ಲಿ ಬಿಲ್ಲು ಬಾಣ ಹಿಡಿದೇ ಬೇಡ ಎಂದಿದ್ದರು. ನಿಯಮಗಿರಿಯಲ್ಲಿ ಹೊಸದಾಗಿದ್ದದ್ದು, ಅವರನ್ನು ಯಾರೋ ಕೇಳಿದರು ಎಂಬುದು. ಕೇಳಬೇಕೆಂದು ಕಾನೂನೇ ಹೇಳುತ್ತಿತ್ತು, ಆ ಕಾನೂನನ್ನು ಕೋರ್ಟು ನಂಬಿತು. ವಸಾಹತು ಕಾಲದ ಕಾನೂನುಗಳಿಂದ ಹೊರಬರುವ ಮಾತು ದೇಶದಲ್ಲಿ ಜೋರಾಗಿರುವ ಈ ದಿನಗಳಲ್ಲಿ ಒಂದು ಕಾನೂನು ಹಳೆಯದೋ ಹೊಸದೋ ಎಂದು ತೂಗಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಅದನ್ನು ಯಾವ ಇಸವಿಯಲ್ಲಿ ಬರೆದರು, ಯಾವ ಭಾಷೆಯ ಹೆಸರಿಟ್ಟರು ಎನ್ನುವುದು ಮುಖ್ಯವಲ್ಲ. ಯಾರ ಒಪ್ಪಿಗೆ ಇಲ್ಲದೆ ಕೆಲಸ ನಡೆಯುವುದಿಲ್ಲ ಎಂದು ಅದು ಹೇಳುತ್ತದೆ, ಅಷ್ಟನ್ನು ನೋಡಬೇಕು.

ಸರ್ಕಾರದ್ದಲ್ಲ ಎಂದು ನೀನೇ ಸಾಬೀತು ಮಾಡು

ಬ್ರಿಟಿಷರಿಗೆ ಕಾಡಿನ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಹುಟ್ಟಿದ್ದು ರೈಲಿನಿಂದ. ಹಳಿಯ ಕೆಳಗೆ ಹಾಸುವ ಸ್ಲೀಪರಿಗೆ ತೇಗ, ಸಾಲ, ದೇವದಾರು ಬೇಕಿತ್ತು. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್‌ನನ್ನು ತಲೆಯಾಳಾಗಿಟ್ಟುಕೊಂಡು ಅರಣ್ಯ ಇಲಾಖೆ ಶುರುವಾಯಿತು. ಮರುವರ್ಷ ಮೊದಲ ಕಾಯ್ದೆ, 1878ರಲ್ಲಿ ಇನ್ನೂ ಬಿಗಿಯಾದದ್ದು. ಈ ಎರಡನೆಯ ಕಾಯ್ದೆಯ ಹೊತ್ತಿಗೆ ಆಳುವವರಲ್ಲೇ ಜಗಳವಾಗಿತ್ತು ಎಂಬುದನ್ನು ನಾವು ಮರೆತಿದ್ದೇವೆ. ರಾಜ ಬರೆದುಕೊಟ್ಟ ದಾಖಲೆ ಇಲ್ಲದ ಕಾಡೆಲ್ಲ ಸರ್ಕಾರದ್ದು, ಜನ ಇಷ್ಟು ದಿನ ಸೌದೆ ಸೊಪ್ಪು ತಂದದ್ದು ಬರೀ ರಿಯಾಯಿತಿ ಎಂದು ಬೇಡನ್ ಪೊವೆಲ್ ಎಂಬ ಅಧಿಕಾರಿ ವಾದಿಸಿದ. ತಲೆಮಾರುಗಳಿಂದ ಬಳಸಿದ್ದೇ ಹಕ್ಕು ಎಂದು ಮದ್ರಾಸ್ ಸರ್ಕಾರ ತಕರಾರು ತೆಗೆಯಿತು. ಬ್ರಾಂಡಿಸ್ ನಡುವಿನ ದಾರಿ ಹುಡುಕಿದ. ಗೆದ್ದದ್ದು ಹೆಚ್ಚುಕಡಿಮೆ ಬೇಡನ್ ಪೊವೆಲ್. 1927ರ ಭಾರತೀಯ ಅರಣ್ಯ ಕಾಯ್ದೆ ಆ ಗೆಲುವಿನ ಶುದ್ಧ ಪ್ರತಿ.

ನಮ್ಮ ಸೀಮೆಗೂ ಇದರ ಬಿಸಿ ಬೇಗ ತಟ್ಟಿತು. ಕೆನರಾ ಜಿಲ್ಲೆಯಲ್ಲಿ ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಕಡಿವಾಣ ಬಿತ್ತು. ಮೈಸೂರು ಸಂಸ್ಥಾನ 1900ರಲ್ಲಿ ತನ್ನದೇ ಅರಣ್ಯ ನಿಬಂಧನೆ ತಂದಿತು. ಅರಣ್ಯ ಕಾನೂನು ಮುರಿಯುವುದು ಸ್ವಾತಂತ್ರ್ಯ ಹೋರಾಟದ ಭಾಗವೇ ಆಯಿತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿದು ಜೈಲಿಗೆ ಹೋದವರಿದ್ದಾರೆ. ತಮಾಷೆಯೆಂದರೆ, ಸ್ವಾತಂತ್ರ್ಯ ಬಂದ ಮೇಲೆ ಅದೇ ಕಾನೂನನ್ನು ಜತನದಿಂದ ಕಾಪಾಡಿಕೊಂಡೆವು. ಕರ್ನಾಟಕದಲ್ಲಿ ಈಗ ನಡೆಯುವ 1963ರ ಅರಣ್ಯ ಕಾಯ್ದೆಯ ಮೇಲೆ ವಿಧಾನಮಂಡಲದ ಮುದ್ರೆಯಿದೆ. ಅದರ ಎಲುಬುಗೂಡು ಮಾತ್ರ 1927ರದೇ.

ಬಾಕ್ಸ್: 1927ರ ಕಾಯ್ದೆ ಹೀಗಿದೆ

ಸೆಕ್ಷನ್ 69: ಅರಣ್ಯ ಉತ್ಪನ್ನದ ಬಗ್ಗೆ ತಕರಾರು ಬಂದರೆ, ಬೇರೆ ಸಾಬೀತಾಗುವ ತನಕ ಅದು ಸರ್ಕಾರದ ಸ್ವತ್ತು ಎಂದೇ ತಿಳಿಯತಕ್ಕದ್ದು. ಇದೇ ನಿಯಮ ಕರ್ನಾಟಕದ ಕಾಯ್ದೆಯಲ್ಲೂ ಇದೆ.

ಸೆಕ್ಷನ್ 64: ತಿಂಗಳು ಅಥವಾ ಹೆಚ್ಚಿನ ಜೈಲುಶಿಕ್ಷೆಯಿರುವ ಅರಣ್ಯ ಅಪರಾಧದ ಅನುಮಾನ ಬಂದರೆ ವಾರಂಟ್ ಇಲ್ಲದೆ ಬಂಧಿಸಬಹುದು.

ಸೆಕ್ಷನ್ 28: ಮೀಸಲು ಅರಣ್ಯವನ್ನು ಊರಿಗೆ ವಹಿಸಿ ‘ಗ್ರಾಮ ಅರಣ್ಯ’ ಮಾಡಬಹುದು. ಕಾಯ್ದೆಯಲ್ಲಿ ಅತಿ ಕಡಿಮೆ ಬಳಕೆಯಾದ ಅವಕಾಶಗಳಲ್ಲಿ ಇದೂ ಒಂದು.

2019: ಅರಣ್ಯ ಸಿಬ್ಬಂದಿಯ ಬಂದೂಕು ಬಳಕೆಗೆ ಕಾನೂನಿನ ರಕ್ಷಣೆ ಕೊಡುವ ತಿದ್ದುಪಡಿ ಕರಡು ಬಂತು, ವಿರೋಧದ ನಂತರ ಕೇಂದ್ರ ಸರ್ಕಾರ ಅದೇ ವರ್ಷ ಹಿಂದೆ ಪಡೆಯಿತು.

ದೇಶದ ನೆಲದಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ಭಾಗ ದಾಖಲೆಯಲ್ಲಿ ಅರಣ್ಯ. ಅಷ್ಟೂ ನೆಲದಲ್ಲಿ ಒಂದು ಹೊರೆ ಸೌದೆ ಹೊತ್ತವಳು ಮೊದಲಿಗೆ ಅಪರಾಧಿ, ಆಮೇಲೆ ನಾಗರಿಕಳು. 69ನೇ ಸೆಕ್ಷನ್ ನನ್ನ ಮಟ್ಟಿಗೆ ಇಡೀ ಕಾಯ್ದೆಯ ಜೀವಾಳ. ಉಳಿದ ಕಾನೂನುಗಳಲ್ಲಿ ತಪ್ಪು ಸಾಬೀತು ಮಾಡುವ ಹೊರೆ ಸರ್ಕಾರದ ಮೇಲಿದ್ದರೆ ಇಲ್ಲಿ ಅದು ತಲೆಕೆಳಗು. ಕಾಡಿನಲ್ಲೇ ಹುಟ್ಟಿದವನು, ತಾನು ಕಿತ್ತ ಜೇನು ಕಳವಿನದಲ್ಲ ಎಂದು ಕಾಗದ ತೋರಿಸಬೇಕು. ಆ ಕಾಗದ ಕೊಡುವ ಅಧಿಕಾರವೋ, ಹಿಡಿಯುವ ಇಲಾಖೆಯ ಬಳಿಯೇ ಇದೆ.

ಅರ್ಧ ಮಾತ್ರ ಓದಿದ ಕಾಯ್ದೆ

ಸಂವಿಧಾನ ರಚನಾ ಸಭೆಯಲ್ಲಿ ಜೈಪಾಲ್ ಸಿಂಗ್ ಮುಂಡಾ ಎದ್ದು, ಬುಡಕಟ್ಟು ಜನಕ್ಕೆ ಪ್ರಜಾಪ್ರಭುತ್ವವನ್ನು ಯಾರೂ ಕಲಿಸಬೇಕಾಗಿಲ್ಲ, ಅವರಿಂದಲೇ ಕಲಿಯಬೇಕು ಎಂಬ ಅರ್ಥದ ಮಾತಾಡಿದ್ದು 1946ರ ಡಿಸೆಂಬರಿನಲ್ಲಿ. ಸಭೆ ಕೇಳಿಸಿಕೊಂಡಿತು. ಕೊಟ್ಟದ್ದು ಮಾತ್ರ ಹಂಚಿಹೋಯಿತು: ಈಶಾನ್ಯದ ಬೆಟ್ಟಗಳಿಗೆ ಆರನೇ ಶೆಡ್ಯೂಲಿನಡಿ ಸ್ವಾಯತ್ತ ಜಿಲ್ಲಾ ಮಂಡಳಿಗಳು, ಮಧ್ಯ ಭಾರತಕ್ಕೆ ಐದನೇ ಶೆಡ್ಯೂಲಿನಡಿ ರಾಜ್ಯಪಾಲರ ಕಾವಲು. ಐದನೇ ಶೆಡ್ಯೂಲಿನ ಸೀಮೆಗಳಿಗೆ ಗ್ರಾಮಸಭೆಯ ಆಡಳಿತವೆಂಬುದು ಬರಲು 1996ರ ‘ಪೆಸಾ’ ಕಾಯ್ದೆಯ ತನಕ ಕಾಯಬೇಕಾಯಿತು. ಆ ಕಾಯ್ದೆ ಬಂದಮೇಲೂ ಮಧ್ಯಪ್ರದೇಶ, ಛತ್ತೀಸಗಢಗಳು ನಿಯಮ ರೂಪಿಸಿದ್ದು 2022ರಲ್ಲಿ, ಇಪ್ಪತ್ತಾರು ವರ್ಷ ಕಳೆದು. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚಿದ್ದಾರೆ ಎನ್ನುತ್ತದೆ 2011ರ ಜನಗಣತಿ. ಐದನೇ ಶೆಡ್ಯೂಲಿನ ಪ್ರದೇಶ ಒಂದೂ ಇಲ್ಲ. ಹಾಗಾಗಿ ಪೆಸಾ ಇಲ್ಲಿಗೆ ಅನ್ವಯಿಸುವುದಿಲ್ಲ. ಸೋಲಿಗ, ಜೇನುಕುರುಬ, ಬೆಟ್ಟಕುರುಬ, ಯರವರ ಪಾಲಿಗೆ ಕಾಡಿನ ಆಡಳಿತದಲ್ಲಿ ಕಾಲಿಡಲು ಇರುವ ಬಾಗಿಲು ಒಂದೇ: 2006ರ ಅರಣ್ಯ ಹಕ್ಕು ಕಾಯ್ದೆ.

ಆ ಕಾಯ್ದೆಯ ಪೀಠಿಕೆ ಅಪರೂಪದ್ದು. ಕಾಡಿನ ಜನಕ್ಕೆ ‘ಚಾರಿತ್ರಿಕ ಅನ್ಯಾಯ’ವಾಗಿದೆ, ಅದು ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು ಎಂದು ಸಂಸತ್ತೇ ಬರೆದುಕೊಂಡಿದೆ. ಒಳಗೆ ಎರಡು ಬಗೆಯ ಹಕ್ಕುಗಳಿವೆ. ಒಂದು, 2005ರ ಡಿಸೆಂಬರ್ 13ಕ್ಕಿಂತ ಮೊದಲು ಸಾಗುವಳಿಯಲ್ಲಿದ್ದ ನೆಲಕ್ಕೆ, ನಾಲ್ಕು ಹೆಕ್ಟೇರಿಗೆ ಮೀರದಂತೆ ಹಕ್ಕುಪತ್ರ. ಅದನ್ನು ಮಾರುವಂತಿಲ್ಲ, ಗಂಡ ಹೆಂಡತಿ ಇಬ್ಬರ ಹೆಸರಿಗೂ ಆಗಬೇಕು. ಎರಡನೆಯದು ಇಡೀ ಊರಿನದು: ಸಮುದಾಯದ ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕು. ಐದನೇ ಸೆಕ್ಷನ್ ಇನ್ನೂ ಮುಂದೆ ಹೋಗಿ ಕಾಡು, ವನ್ಯಜೀವಿ, ನೀರಿನ ಮೂಲಗಳನ್ನು ರಕ್ಷಿಸುವ, ಅವುಗಳಿಗೆ ಕೇಡು ಮಾಡುವ ಚಟುವಟಿಕೆ ತಡೆಯುವ ಅಧಿಕಾರವನ್ನೇ ಗ್ರಾಮಸಭೆಗೆ ಕೊಡುತ್ತದೆ. ಮೊದಲನೆಯದು ಆಸ್ತಿಯ ಪ್ರಶ್ನೆ, ಎರಡನೆಯದು ಸರ್ಕಾರದ ಪ್ರಶ್ನೆ. ಸ್ವಯಂ ಆಡಳಿತ ಇರುವುದು ಎರಡನೆಯದರಲ್ಲಿ. ನಮ್ಮ ರಾಜಕಾರಣಿಗಳಿಗೂ ಅಧಿಕಾರಿಗಳಿಗೂ ಒಗ್ಗಿದ್ದು ಮೊದಲನೆಯದು. ಪಟ್ಟಾ ಹಂಚಿದರೆ ಶಾಮಿಯಾನ ಹಾಕಬಹುದು, ಸಚಿವರನ್ನು ಕರೆಯಬಹುದು, ಫಲಾನುಭವಿಗಳ ಲೆಕ್ಕ ಕೊಡಬಹುದು. ಕಾಡಿನ ಆಡಳಿತ ಬಿಟ್ಟುಕೊಡುವುದಕ್ಕೆ ಸಮಾರಂಭ ಮಾಡಲು ಯಾರಿಗೂ ಉತ್ಸಾಹವಿಲ್ಲ.

ಆ ಎರಡನೆಯ ಹಕ್ಕು ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಸಾಕ್ಷಿ. ದಿಲ್ಲಿ ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ ಎಂಬುದು ಈ ಗೊಂಡರ ಊರಿನ ಘೋಷಣೆ. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಮುದಾಯ ಹಕ್ಕು ಸಿಕ್ಕಿತು. ಆದರೆ ಕಡಿದ ಬಿದಿರನ್ನು ಸಾಗಿಸಲು ಇಲಾಖೆ ಪಾಸ್ ಕೊಡಲಿಲ್ಲ. 2006ರ ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎನ್ನುತ್ತದೆ, 1927ರ ಕಾಯ್ದೆ 2017ರ ತಿದ್ದುಪಡಿಯ ತನಕ ಮರ ಎನ್ನುತ್ತಿತ್ತು. ಇಲಾಖೆ ಹಳೆಯದನ್ನೇ ಹಿಡಿದು ಕೂತಿತು. ಕೊನೆಗೆ ಕೇಂದ್ರ ಸಚಿವ ಜೈರಾಮ್ ರಮೇಶ್ 2011ರ ಏಪ್ರಿಲಿನಲ್ಲಿ ಊರಿಗೇ ಬಂದು ಪಾಸ್ ಪುಸ್ತಕವನ್ನು ಗ್ರಾಮಸಭೆಯ ಕೈಗಿಡಬೇಕಾಯಿತು. ಒಂದು ಗ್ರಾಮಸಭೆ ತನ್ನ ಬಿದಿರು ಮಾರಲು ದಿಲ್ಲಿಯಿಂದ ಸಚಿವರು ಬರಬೇಕು! ಈಗಿನ ತೊಡಕೆಲ್ಲ ಈ ಒಂದು ಪ್ರಸಂಗದಲ್ಲಿದೆ. ಹೊಸ ಕಾಯ್ದೆ ಪುಸ್ತಕದಲ್ಲಿದೆ, ಹಳೆಯ ಕಾಯ್ದೆ ಚೆಕ್‌ಪೋಸ್ಟಿನಲ್ಲಿದೆ.

ಬಿಳಿಗಿರಿಯ ಪಾಠ

ನಮ್ಮ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಬರೋಣ. ರಂಗನಾಥನನ್ನು ‘ಭಾವ’ ಎನ್ನುವ, ಸೋಲಿಗರ ಹುಡುಗಿ ಕುಸುಮಾಲೆಯನ್ನು ಅವನು ಮದುವೆಯಾದ ಕತೆ ಹೇಳುವ ಜನ ಇಲ್ಲಿಯವರು. ಪೋಡು ಎಂದರೆ ಇವರ ಊರು; ಪೋಡು ಪೋಡಿಗೂ ಯಜಮಾನ, ಕುಲ, ನ್ಯಾಯ ಪಂಚಾಯಿತಿ ಉಂಟು. ಕಾಡನ್ನು ಎಲ್ಲೆಗಳಾಗಿ ಹಂಚಿಕೊಂಡು ಒಂದೊಂದು ಕುಲವೂ ತನ್ನ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿಯ ನೆಲೆಗಳನ್ನು ನೋಡಿಕೊಳ್ಳುತ್ತದೆ. ಇಂಥ ನಾನೂರಕ್ಕೂ ಹೆಚ್ಚು ನೆಲೆಗಳನ್ನು ಸೋಲಿಗರೇ ಸಂಶೋಧಕರ ಜೊತೆ ನಡೆದು ನಕ್ಷೆಗೆ ಇಳಿಸಿದ್ದಾರೆ. 1974ರಲ್ಲಿ ಅಭಯಾರಣ್ಯವಾಯಿತು. ಪೋಡು ಬೇಸಾಯ ನಿಂತಿತು, ಬೇಟೆ ನಿಂತಿತು, ನೆಲದ ಒಣ ಎಲೆಗೆ ಕೊಡುವ ತರಗು ಬೆಂಕಿ ನಿಂತಿತು. ಲ್ಯಾಂಪ್ಸ್ ಎಂಬ ಆದಿವಾಸಿಗಳ ಸಹಕಾರ ಸೊಸೈಟಿಗೆ ಜೇನು, ನೆಲ್ಲಿಕಾಯಿ, ಪಾಚಿ ತಂದು ಹಾಕುವುದಕ್ಕೂ 2000ದ ದಶಕದ ಮಧ್ಯದಲ್ಲಿ ನಿಷೇಧ ಬಂತು. ವನ್ಯಜೀವಿ ಕಾನೂನಿನ ತಿದ್ದುಪಡಿ ಅದಕ್ಕೆ ಕಾರಣ.

2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಗಾಂಧಿ ಜಯಂತಿಯಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಬಂತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಕರ್ನಾಟಕ ಹೆಮ್ಮೆಪಡಬೇಕಾದ ಸಂಗತಿಯಿದು. ನಾವು ಅದನ್ನು ಪಠ್ಯಪುಸ್ತಕದಲ್ಲೂ ಹಾಕಿಕೊಂಡಿಲ್ಲ, ಆಡಳಿತದಲ್ಲೂ ಹಾಕಿಕೊಂಡಿಲ್ಲ. ಜೇನು ಕೀಳಬಹುದು, ನೆಲ್ಲಿಕಾಯಿ ಉದುರಿಸಬಹುದು. ಆದರೆ ಎಲ್ಲಿ ಲಂಟಾನ ಕಳೆ ಕೀಳಬೇಕು, ಎಲ್ಲಿ ಬೆಂಕಿ ಕೊಡಬೇಕು, ಎಲ್ಲಿ ಸಫಾರಿ ಜೀಪು ಓಡಬಾರದು ಎಂಬ ತೀರ್ಮಾನ ಇಂದಿಗೂ ಇಲಾಖೆಯ ಕಾರ್ಯಯೋಜನೆಯದು. ಲಂಟಾನದ ಮಾತು ಸುಮ್ಮನೆ ತೆಗೆದದ್ದಲ್ಲ. ತರಗು ಬೆಂಕಿ ನಿಂತಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬದನಿಕೆ ಜಾಸ್ತಿಯಾಯಿತು ಎಂದು ಸೋಲಿಗರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಆ ಮಾತನ್ನು ವಿಜ್ಞಾನಿಗಳು ಗಂಭೀರವಾಗಿ ಪರಿಶೀಲಿಸಿ ಪ್ರಬಂಧ ಬರೆದರು. ಕಾರ್ಯಯೋಜನೆ ಬರೆಯುವವರು ಕೇಳಿಸಿಕೊಳ್ಳಲಿಲ್ಲ.

ಕಾಡು ಉಳಿದೀತೇ?

ಇಲ್ಲಿ ಮೊದಲ ತಕರಾರು ಬರುತ್ತದೆ, ಅದು ಹಗುರವಾದದ್ದಲ್ಲ. ಜನಕ್ಕೆ ಕೊಟ್ಟರೆ ಕಾಡು ಉಳಿಯುವುದಿಲ್ಲ. ಅರಣ್ಯ ಹಕ್ಕಿನ ಹೆಸರಿನಲ್ಲಿ ಒತ್ತುವರಿದಾರರು ನುಗ್ಗುತ್ತಾರೆ. ಒತ್ತುವರಿ ಸುಳ್ಳೇನಲ್ಲ. ಮಲೆನಾಡಿನಲ್ಲಿ ಕಾಫಿ ತೋಟ ಬೆಟ್ಟ ಏರಿದ್ದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಆ ಒತ್ತುವರಿಯೆಲ್ಲ ನಡೆದದ್ದು ಇಲಾಖೆಯ ಏಕಚಕ್ರಾಧಿಪತ್ಯದಲ್ಲೇ ಎಂಬುದನ್ನು ಗಮನಿಸಬೇಕು. ಕಾಡಿನ ಬಳಕೆಯ ಬಗ್ಗೆ ಸರ್ಕಾರದ ತೀರ್ಪು ಎಷ್ಟು ನಂಬಿಕಸ್ಥವಾಗಿತ್ತು ಎಂಬುದಕ್ಕೆ 1970ರ ದಶಕದ ಬಿದಿರಿನ ಕತೆ ಇದೆ. ಬುಟ್ಟಿ ಹೆಣೆಯುವ ಮೇದರು ಬಿದಿರು ಸಿಗುತ್ತಿಲ್ಲವೆಂದು ದೂರಿದಾಗ ಕರ್ನಾಟಕ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಅಧ್ಯಯನ ವಹಿಸಿತು. ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂಥ ಪುಡಿಗಾಸಿಗೆ ಸರ್ಕಾರ ಬಿದಿರು ಕೊಟ್ಟಿತ್ತು ಎಂದು ಗಾಡ್ಗೀಳರು ಬರೆದಿದ್ದಾರೆ. ಮೇದರು ಪೇಟೆಯಲ್ಲಿ ತೆರುತ್ತಿದ್ದ ಬೆಲೆಗೂ ಇದಕ್ಕೂ ತಾಳೆಯೇ ಇಲ್ಲ. ಅಷ್ಟೇ ಅಲ್ಲ. ಬಿದಿರು ಮೆಳೆಯ ಬುಡದ ಮುಳ್ಳು ಸವರಿ ಚೊಕ್ಕಟ ಮಾಡುವುದು ಶಾಸ್ತ್ರೀಯ ಪದ್ಧತಿ ಎಂದು ಇಲಾಖೆ ನಂಬಿತ್ತು. ಮುಳ್ಳು ತೆಗೆದರೆ ಕಳಲೆಯನ್ನು ದನ ಮೇಯುತ್ತದೆ, ಮೆಳೆ ಸಾಯುತ್ತದೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಗಿತ್ತು.

ಇದರಿಂದ ಆದಿವಾಸಿಗಳೆಲ್ಲ ಹುಟ್ಟು ಪರಿಸರವಾದಿಗಳು ಎಂಬ ಭಾವುಕತೆಗೆ ಜಾರಬೇಕಿಲ್ಲ. ಗ್ರಾಮಸಭೆಯೂ ತಪ್ಪು ಮಾಡಬಹುದು, ಮಾಡುತ್ತದೆ. ವ್ಯತ್ಯಾಸ ಒಂದೇ: ತಪ್ಪಾದರೆ ಅದರ ಫಲ ಉಣ್ಣುವವರು ಆ ಊರಿನವರೇ. ವರ್ಗಾವಣೆಯಾಗಿ ಹೋಗುವ ಅಧಿಕಾರಿಗೆ ಆ ಭಯವಿಲ್ಲ. ಹುಲಿಯ ವಿಷಯಕ್ಕೂ ಇದು ಸಲ್ಲುತ್ತದೆ. ಬಿಳಿಗಿರಿಯಲ್ಲಿ ಹುಲಿ ಯೋಜನೆಗೆ ಯೋಗ್ಯವಾದ ಕಾಡು 2011ರಲ್ಲಿ ಉಳಿದಿದ್ದರೆ, ಅದು ಸೋಲಿಗರು ಒಳಗಿದ್ದೂ ಉಳಿದ ಕಾಡು.

ಬಾಕ್ಸ್: ಕಾಗದದಲ್ಲಿರುವ ಅಧಿಕಾರ

ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರ ಹಾಜರಿ ಬೇಕು. ಹಾಜರಾದವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು.

ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರು ಸೇರಿ 13 ಬಗೆಯ ಸೌಕರ್ಯಕ್ಕೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಿಟ್ಟುಕೊಡಲು ಗ್ರಾಮಸಭೆಯ ಶಿಫಾರಸು ಬೇಕು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ.

ಹಕ್ಕು ತೀರ್ಮಾನವಾಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ.

ಉಪಗ್ರಹ ಚಿತ್ರ ಪೂರಕ ಸಾಕ್ಷ್ಯ ಮಾತ್ರ. ಉಳಿದ ಸಾಕ್ಷ್ಯಗಳ ಬದಲಿಗೆ ಅದನ್ನು ಬಳಸುವಂತಿಲ್ಲ.

ಎರಡನೆಯ ತಕರಾರು ದೇಶದ ಏಕತೆಯದು. ಊರೂರಿಗೆ ಸರ್ಕಾರವಾದರೆ ದೇಶದ ಗತಿಯೇನು? 2017–18ರಲ್ಲಿ ಝಾರ್ಖಂಡ್‌ನ ಖೂಂಟಿ ಸೀಮೆಯ ಮುಂಡರು ಊರ ಬಾಗಿಲಲ್ಲಿ ಆಳೆತ್ತರದ ಕಲ್ಲು ನೆಟ್ಟು ಸಂವಿಧಾನದ ಐದನೇ ಶೆಡ್ಯೂಲಿನ, ಪೆಸಾ ಕಾಯ್ದೆಯ ವಿಧಿಗಳನ್ನು ಕೆತ್ತಿಸಿದರು. ಪತ್ಥಲಗಡಿ ಎಂದು ಅದರ ಹೆಸರು. ಹೊರಗಿನವರು ಬರಕೂಡದು, ಸರ್ಕಾರಕ್ಕೆ ಇಲ್ಲಿ ಅಧಿಕಾರವೇ ಇಲ್ಲ ಎನ್ನುವಷ್ಟು ದೂರ ಕೆಲವರು ಹೋದರು; ಸಂವಿಧಾನ ಹಾಗೆ ಹೇಳುವುದಿಲ್ಲ. ಆದರೆ ಪ್ರಭುತ್ವ ಪ್ರತಿಕ್ರಿಯಿಸಿದ್ದು ಹೇಗೆ? ದೇಶದ್ರೋಹದ ಮೊಕದ್ದಮೆ ಹೂಡಿತು. ಸಂವಿಧಾನವನ್ನು ಕಲ್ಲಿಗೆ ಕೆತ್ತಿದವರ ಮೇಲೆ, ಬ್ರಿಟಿಷರು ತಿಲಕರ ಮೇಲೂ ಗಾಂಧಿಯ ಮೇಲೂ ಪ್ರಯೋಗಿಸಿದ ಅದೇ 124ಎ ಸೆಕ್ಷನ್! 2019ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ಹೇಮಂತ್ ಸೊರೇನ್ ಸರ್ಕಾರ ಮೊದಲ ಸಂಪುಟ ಸಭೆಯಲ್ಲೇ ಆ ಪ್ರಕರಣಗಳನ್ನು ಹಿಂಪಡೆಯಲು ತೀರ್ಮಾನಿಸಿತು. ನಿಯಮಗಿರಿಯಲ್ಲಿ ಕೇಳಿದರು, ಖೂಂಟಿಯಲ್ಲಿ ಕೇಳಲಿಲ್ಲ. ಜನ ಪ್ರತ್ಯೇಕತೆಯ ಮಾತಾಡಿದ್ದು ಎಲ್ಲಿ ಎಂದು ಓದುಗರೇ ನೋಡಬಹುದು.

ಮೂರನೆಯದನ್ನು ಎತ್ತುವವರು ಸದುದ್ದೇಶದವರು: ಆದಿವಾಸಿ ಹುಡುಗರಿಗೆ ಬೇಕಾದ್ದು ನೌಕರಿ, ಮೊಬೈಲು, ರಸ್ತೆ, ಅವರನ್ನು ಕಾಡಿನಲ್ಲೇ ಕೂರಿಸುವುದು ನಿಮ್ಮ ರಮ್ಯ ಕಲ್ಪನೆ. ಇರಬಹುದು. ನಾಗರಹೊಳೆಯಿಂದ ಪ್ಯಾಕೇಜ್ ಪಡೆದು ಹೊರಬಂದ ಕುಟುಂಬಗಳಿವೆ. ಅದೇ ನಾಗರಹೊಳೆಗೆ 2025ರ ಮೇ ತಿಂಗಳಲ್ಲಿ, ದಶಕಗಳ ಹಿಂದೆ ಎಬ್ಬಿಸಲ್ಪಟ್ಟ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ಐವತ್ತರಷ್ಟು ಜೇನುಕುರುಬ ಕುಟುಂಬಗಳು ವಾಪಸು ನಡೆದುಹೋದದ್ದೂ ಇದೆ. ಯಾರು ಸರಿ ಎಂದು ಬೆಂಗಳೂರಿನಲ್ಲಿ ಕೂತು ತೀರ್ಮಾನಿಸುವ ಅಗತ್ಯವೇ ಇಲ್ಲ. ಹೋಗುವೆವೋ ಇರುವೆವೋ ಎಂದು ಹೇಳುವ ಅಧಿಕಾರವನ್ನು ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ರಸ್ತೆ, ಶಾಲೆಯ ಅಧಿಕಾರವೂ ಅದರಲ್ಲೇ ಇದೆ. ಸ್ವಯಂ ಆಡಳಿತವೆಂದರೆ ಕಾಡಿಗೆ ಕಟ್ಟಿಹಾಕುವುದು ಎಂದು ಭಾವಿಸುವವರು ಕಾಯ್ದೆಯನ್ನು ಒಮ್ಮೆ ತೆರೆದು ನೋಡಬೇಕು.

ರದ್ದು ಮಾಡಿದರೆ ಸಾಕೇ?

ಹಾಗಾದರೆ 1927ರ ಕಾಯ್ದೆಯನ್ನು ಕಿತ್ತೊಗೆದುಬಿಡೋಣವೇ? ಅವಸರ ಬೇಡ ಎನ್ನುತ್ತದೆ ಕೆನಡಾದ ಅನುಭವ. ಅಲ್ಲಿನ ಮೂಲನಿವಾಸಿಗಳ ಹುಟ್ಟು ಸಾವು, ನೆಲ, ಚುನಾವಣೆ ಎಲ್ಲವನ್ನೂ 1876ರ ‘ಇಂಡಿಯನ್ ಆ್ಯಕ್ಟ್’ ಎಂಬ ಒಂದೇ ಕಾಯ್ದೆ ಹಿಡಿದಿಟ್ಟಿತ್ತು. ಅವರ ಪಾಟ್ಲಾಚ್ ಎಂಬ ಸಮಾರಂಭವನ್ನೇ 1951ರ ತನಕ ಅದು ಅಪರಾಧವೆಂದಿತು. 1969ರಲ್ಲಿ ಪಿಯರ್ ಟ್ರುಡೊ ಸರ್ಕಾರ ಈ ಕಾಯ್ದೆಯನ್ನೇ ರದ್ದು ಮಾಡುತ್ತೇವೆ, ನೀವೂ ಉಳಿದವರಂತೆ ಸಮಾನ ಪ್ರಜೆಗಳು ಎಂದಿತು. ಜೋರಾಗಿ ವಿರೋಧಿಸಿದವರು ಮೂಲನಿವಾಸಿಗಳೇ. ಕೆಟ್ಟ ಕಾಯ್ದೆ ಹೋದರೆ ಅದರ ಜೊತೆ ಮೀಸಲು ನೆಲ, ಒಪ್ಪಂದದ ಹಕ್ಕುಗಳೂ ಹೋಗುತ್ತವೆ. ಬದಲಿಗೆ ಕೈಗೆ ಬರುವುದು ಬರಿಯ ಸಮಾನತೆಯ ಭಾಷಣ ಎಂಬುದು ಅವರಿಗೆ ತಿಳಿದಿತ್ತು. ಸರ್ಕಾರ ಹಿಂದೆ ಸರಿಯಿತು. ಬೇರೆ ದಾರಿ ಹಿಡಿದವರು ಬ್ರಿಟಿಷ್ ಕೊಲಂಬಿಯಾದ ನಾಸ್ ಕಣಿವೆಯ ನಿಸ್ಗಾ ಜನ. ಫ್ರಾಂಕ್ ಕಾಲ್ಡರ್ ಅವರ ಮೊಕದ್ದಮೆ 1973ರಲ್ಲಿ ಮೂಲನಿವಾಸಿಗಳ ಭೂಹಕ್ಕಿಗೆ ಕಾನೂನಿನ ಬಾಗಿಲು ತೆರೆಯಿತು. ದಶಕಗಳ ಮಾತುಕತೆಯ ನಂತರ 2000ದ ಮೇ 11ರಂದು ಒಪ್ಪಂದ ಜಾರಿಯಾಗಿ ಸುಮಾರು 2,000 ಚದರ ಕಿಲೋಮೀಟರ್ ನೆಲ, ಸ್ವಂತ ಶಾಸನ ಮಾಡುವ ಸರ್ಕಾರ ಅವರದಾಯಿತು. ಅಂದಿನಿಂದ ಆ ಕಣಿವೆಯಲ್ಲಿ ಹಳೆಯ ಕಾಯ್ದೆ ಹೆಚ್ಚುಕಡಿಮೆ ನಿರುಪಯೋಗಿ. ನಮ್ಮ ಪರಿಸ್ಥಿತಿ ಬೇರೆ, ಒಪ್ಪುತ್ತೇನೆ. ಅನುಕ್ರಮ ಮಾತ್ರ ನಮಗೂ ಸಲ್ಲುತ್ತದೆ: ಮೊದಲು ಅಧಿಕಾರ ಕೈಸೇರಬೇಕು, ಹಳೆಯ ಕಾಯ್ದೆ ಅದರ ಹಿಂದೆ ತೊಲಗಬೇಕು.

ನಮ್ಮಲ್ಲಿ ನಡೆಯುತ್ತಿರುವುದು ತಿರುವುಮುರುವು. ದಂಡಸಂಹಿತೆಗೆ ಸಂಸ್ಕೃತದ ಹೆಸರು ಬಂತು. ಅದೇ ಹೊತ್ತಿಗೆ 2022ರ ಅರಣ್ಯ ಸಂರಕ್ಷಣಾ ನಿಯಮಗಳು, ಗಣಿ ಅಥವಾ ಯೋಜನೆಗೆ ಕೇಂದ್ರ ಅನುಮತಿ ಕೊಡುವ ಮೊದಲು ಅರಣ್ಯ ಹಕ್ಕು ಇತ್ಯರ್ಥವಾಗಿರಬೇಕು ಎಂಬ ಷರತ್ತನ್ನು ಸಡಿಲಿಸಿ ಹೊಣೆಯನ್ನು ರಾಜ್ಯಗಳ ತಲೆಗೆ ಕಟ್ಟಿದವು. ಅಂದರೆ ನಿಯಮಗಿರಿಯಲ್ಲಿ ಮೊದಲು ಕೇಳಿದ ಪ್ರಶ್ನೆಯನ್ನು ಇನ್ನುಮುಂದೆ ಎಲ್ಲ ತೀರ್ಮಾನವಾದ ಮೇಲೆ ಕೇಳಬಹುದು. 2019ರ ಫೆಬ್ರುವರಿ 13ರಂದು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕಿ ಎಂದು ಸುಪ್ರೀಂ ಕೋರ್ಟು ಆದೇಶಿಸಿದಾಗ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳ ಜೀವ ಬಾಯಿಗೆ ಬಂದಿತ್ತು. ಎರಡು ವಾರದಲ್ಲಿ ಕೋರ್ಟೇ ಅದನ್ನು ತಡೆಹಿಡಿಯಿತು. ಅರ್ಜಿಗಳು ಹೇಗೆ ತಿರಸ್ಕೃತವಾದವು ಎಂದು ಆಗ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಕರ್ನಾಟಕಕ್ಕಿಂತ ಒಳ್ಳೆಯ ಜಾಗ ಇರಲಾರದು. ಇಲ್ಲಿ ಬಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳಲ್ಲಿ ಬಹುಪಾಲು ಬಿದ್ದುಹೋಗಿವೆ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷದ, ಅಂದರೆ ಮೂರು ತಲೆಮಾರಿನ ಪುರಾವೆ ಕೊಡಬೇಕಾದದ್ದು ಒಂದು ಕಾರಣ. ಗ್ರಾಮಸಭೆ ಒಪ್ಪಿದ್ದನ್ನು ಉಪವಿಭಾಗ ಮಟ್ಟದ ಸಮಿತಿ ತಳ್ಳಿಹಾಕುವುದು ಇನ್ನೊಂದು. ನ್ಯಾಯ ಕೊಡಲು ಕೂತ ಸಮಿತಿಯಲ್ಲಿ ಅರಣ್ಯಾಧಿಕಾರಿಯೂ ಸದಸ್ಯ ಎಂಬುದನ್ನು ಯಾರೂ ವಿಚಿತ್ರವೆಂದು ಭಾವಿಸಿಲ್ಲ.

ರಾಜ್ಯ ಸರ್ಕಾರ ದಿಲ್ಲಿಯತ್ತ ಬೆರಳು ತೋರಿಸದೆ ಮಾಡಬಹುದಾದ ಕೆಲಸವೇ ಸಾಕಷ್ಟಿದೆ. ಗ್ರಾಮ ಪಂಚಾಯಿತಿಯ ಹತ್ತಾರು ಊರುಗಳ ಜಾತ್ರೆಯಂಥ ಸಭೆಯನ್ನು ಬಿಟ್ಟು ಪೋಡು, ಹಾಡಿಯ ಮಟ್ಟದಲ್ಲೇ ಗ್ರಾಮಸಭೆ ನಡೆಸಬೇಕು. ಸಾಗಣೆ ಪಾಸ್ ಕೊಡುವ ಅಧಿಕಾರ 2012ರ ನಿಯಮದಂತೆ ಗ್ರಾಮಸಭೆಯ ಸಮಿತಿಗೆ ಹೋಗಬೇಕು. ಬಿಳಿಗಿರಿಯ ಗ್ರಾಮಸಭೆಗಳು ಬರೆಯುವ ನಿರ್ವಹಣಾ ಯೋಜನೆಯನ್ನು ಹುಲಿ ಯೋಜನೆಯ ದಾಖಲೆಯೊಳಗೆ ಸೇರಿಸಿಕೊಳ್ಳಬೇಕು, ಅನುಬಂಧದಲ್ಲಲ್ಲ. 1963ರ ಕಾಯ್ದೆಯಿಂದ, ಸಮುದಾಯ ಹಕ್ಕು ಸಿಕ್ಕ ಕಾಡಿನ ಮಟ್ಟಿಗಾದರೂ, ‘ಸರ್ಕಾರದ್ದೇ ಎಂದು ತಿಳಿಯತಕ್ಕದ್ದು’ ಎಂಬ ನಿಯಮವನ್ನು ವಿಧಾನಮಂಡಲ ತೆಗೆದುಹಾಕಬೇಕು. ಈ ಕೊನೆಯದೊಂದಕ್ಕೆ ತಿದ್ದುಪಡಿ ಬೇಕು. ಉಳಿದ ಮೂರಕ್ಕೂ ಬೇಕಾದ ಕಾನೂನು ವರ್ಷಗಳಿಂದ ಜಾರಿಯಲ್ಲಿದೆ.